ಅಜ್ಜಿಯ ಗಿಡ್ಡ ಮಾರು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಮದುವೆ ಮಂಟಪಕ್ಕೆ ಹೂವಿನ ಅಲಂಕಾರ ಮಾಡುವವಳಿಗೆ ಇದು ಒಳ್ಳೆಯ ಗುಣವಲ್ಲ. ನಾನು ಸಿಡಿಮಿಡಿಗುಟ್ಟಿ ಮುಗಿಸುವವರೆಗೆ ಹೂವು ಕಾಯುತ್ತ ಕೂರುವುದಿಲ್ಲ, ಬಾಡಿಹೋಗುತ್ತದೆ.

ಮಧುಗಿರಿಯಲ್ಲಿ ಈ ಕೆಲಸವನ್ನು ಬಹಳ ವರ್ಷ ಬೇರೆಯವರ ಕೈಕೆಳಗೆ ಮಾಡಿದೆ. ಆಗ ಹೂವು ಬೆಂಗಳೂರಿನಿಂದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಬರುತ್ತಿತ್ತು. ವಾಸನೆಯಿಲ್ಲದ, ಎಲ್ಲ ಒಂದೇ ಅಚ್ಚಿನಲ್ಲಿ ತೆಗೆದಂಥ ಹೂವು. ಯಾವ ದೇಶದ್ದು, ಯಾವತ್ತು ಕೊಯ್ದದ್ದು ಎಂದು ಕೇಳಿದರೆ ಯಾರಿಗೂ ಗೊತ್ತಿರುತ್ತಿರಲಿಲ್ಲ. ಅದೇ ಹೊತ್ತಿಗೆ ನಮ್ಮ ಸುತ್ತಿನ ಹೊಲಗಳ ಸೇವಂತಿಗೆ ಮೂಟೆಮೂಟೆಯಾಗಿ ಬೆಂಗಳೂರಿಗೆ ಹೋಗುತ್ತಿತ್ತು. ಬರುವ ಹೂವು, ಹೋಗುವ ಹೂವು ದಾರಿಯಲ್ಲಿ ಎಲ್ಲೋ ಎದುರುಬದುರಾಗುತ್ತಿದ್ದವೇನೋ. ಸ್ವಂತಕ್ಕೆ ಕೆಲಸ ಶುರು ಮಾಡಿದಾಗ ಒಂದು ಹಟ ಹಿಡಿದೆ. ಆಯಾ ಕಾಲಕ್ಕೆ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಹೊಲಗಳಲ್ಲಿ ಏನು ಅರಳುತ್ತದೋ ಅದರಲ್ಲೇ ಮಂಟಪ ಕಟ್ಟುತ್ತೇನೆ.

ಹಟ ಹಿಡಿದರೆ ಸಾಕೇ, ಗಿರಾಕಿ ಸಿಗಬೇಕಲ್ಲ. ಮೊದಲು ಒಪ್ಪಿದವಳು ಪಾವಗಡದ ಒಬ್ಬ ಹುಡುಗಿ, ತನ್ನ ಮದುವೆಗೆ. ಮದುವೆ ಮಧುಗಿರಿಯ ಛತ್ರದಲ್ಲಿ, ಮಾಘ ಮಾಸದಲ್ಲಿ. ಹುಡುಗಿಯ ತಾಯಿಗೆ ಮಾತ್ರ ಸುತರಾಂ ಇಷ್ಟವಿರಲಿಲ್ಲ.

"ಇದೇಮಮ್ಮಾ, ಚೆಂಡುಹೂವು ಆಯುಧಪೂಜೆಗೆ ಬಸ್ಸಿಗೆ ಕಟ್ತಾರೆ. ಮಾ ಅಮ್ಮಾಯಿ ಮದ್ವೆಗೆ ಬಾಗುಂಟುಂದಾ, ಚೆನ್ನಾಗಿರುತ್ತಾ?" ಎಂದು ಪಾವಗಡದ ತೆಲುಗು ಬೆರೆತ ಕನ್ನಡದಲ್ಲಿ ಕೇಳಿದರು. ಕೊನೆಗೆ ಮಗಳ ಮಾತಿಗೆ ಸೋತು ಒಂದು ಷರತ್ತು ಹಾಕಿದರು. "ಹಿಂದಿನ ದಿನ ಸಾಯಂಕಾಲ ಆರು ಗಂಟೆಗೆ ಬಂದು ನೋಡ್ತೀನಿ. ನಚ್ಚಲೇದಂದ್ರೆ, ಹಿಡಿಸಲಿಲ್ಲ ಅಂದ್ರೆ, ಸಿಟಿಯವರಿಗೆ ಫೋನ್ ಮಾಡ್ತೀನಿ, ಬೇಜಾರು ಮಾಡ್ಕೋಬೇಡಿ."

ಛತ್ರದ ಮುಂದೆ ಸಿಟಿಯವರ ಗಾಡಿ ಬಂದು ನಿಂತಿತೆಂದರೆ ನನ್ನ ಕಥೆ ಮುಗಿದ ಹಾಗೆ. ಈ ಸುತ್ತಿನಲ್ಲಿ ಮತ್ತೆ ಯಾರೂ ನನ್ನನ್ನು ಕರೆಯುವುದಿಲ್ಲ. ಇದು ನನಗೂ ಗೊತ್ತಿತ್ತು, ಆ ತಾಯಿಗೂ ಗೊತ್ತಿತ್ತು.

ಹೂವನ್ನು ಕಳ್ಳಂಬೆಳ್ಳದ ಕೆರೆಯ ಹಿಂದಿನ ಒಂದು ಹಟ್ಟಿಯಲ್ಲಿ ಗೊತ್ತು ಮಾಡಿದ್ದೆ. ಕುರಿ ಕಾಯುವ ಮನೆತನ. ಗಂಡ ಕುರಿಗಳ ಹಿಂದೆ ಹೋದರೆ ಹೂವಿನ ತೋಟ ಹೆಂಡತಿಯ ಜವಾಬ್ದಾರಿ. ಅವಳು ಬೆಳೆದ ಸೇವಂತಿಗೆ ಅಂಗೈ ತುಂಬುತ್ತಿತ್ತು. ಅದನ್ನು ಗೇಣುದ್ದದ ದಂಟಿನ ಸಮೇತ ಬಿಡಿಯಾಗಿ ಕೊಯ್ದು ಕಳಿಸಬೇಕೆಂದು ಹೇಳಿದ್ದೆ. ನೀರು ಹೀರುವ ಸ್ಪಂಜಿನ ಇಟ್ಟಿಗೆಗಳಿಗೆ ಆ ದಂಟುಗಳನ್ನು ಚುಚ್ಚಿ ಮಂಟಪದ ಕಂಬಗಳನ್ನು ತುಂಬಿಸುವುದು ನನ್ನ ಲೆಕ್ಕಾಚಾರ. ಕೆಲಸ ಕಲಿತದ್ದೇ ಹಾಗೆ. ಅವಳು "ಆಯ್ತು ಬುಡಮ್ಮ" ಎಂದಿದ್ದಳು.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಎರಡು ಗಂಟೆಗೆ ಗೂಡ್ಸ್ ಆಟೋ ಬಂತು. ಒದ್ದೆ ಗೋಣಿಚೀಲ ಸರಿಸಿ ನೋಡಿದೆ. ದಂಟು ಎಲ್ಲಿಂದ ಬರಬೇಕು? ಬುಟ್ಟಿ ಬುಟ್ಟಿ ತುಂಬ ಕಟ್ಟಿದ ಹೂವು. ಸೇವಂತಿಗೆ, ಚೆಂಡುಹೂವು, ನಡುನಡುವೆ ಮರುಗ, ಎಲ್ಲವನ್ನೂ ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಿ ಸುರುಳಿ ಸುತ್ತಿ ಇಟ್ಟಿದ್ದರು. ಬಕೆಟ್ಟುಗಳಲ್ಲಿ ನನ್ನ ಸ್ಪಂಜಿನ ಇಟ್ಟಿಗೆಗಳು ನೆನೆದು ಉಬ್ಬಿ ಕೂತಿದ್ದವು.

ಹಟ್ಟಿಯವಳಿಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದೆ. ಅವಳು ಪೂರ್ತಿ ಕೇಳಿಸಿಕೊಂಡು ಮೆಲ್ಲಗೆ ಹೇಳಿದಳು: "ಬಿಡಿ ಹೂವ ಹೆಣದ ಮ್ಯಾಲೆ ಎರಚ್ತಾರೆ ಕಣಮ್ಮ. ಮದ್ವೆ ಮನೆಗೆ ಹೆಂಗೆ ಕಳ್ಸಾದು? ನಮ್ಮತ್ತೆ ಸುತ್ರಾಮ್ ಒಪ್ಲಿಲ್ಲ. ಬೆಳಿಗ್ಗೆ ಕೊಯ್ದು ಹಟ್ಟಿ ಹೆಂಗಸ್ರೆಲ್ಲ ಕುಂತು ಕಟ್ಟಿದ್ವಿ. ನಿಮ್ಗೆ ಒಳ್ಳೇದಾಗ್ಲಿ ಅಂತ್ಲೇ ಕಟ್ಟಿದ್ದು."

ಇದು ನನಗೆ ಗೊತ್ತಿಲ್ಲದ ಮಾತಲ್ಲ. ನಮ್ಮ ಬೀದಿಯಲ್ಲೂ ಶವದ ಮುಂದೆ ಬಿಡಿ ಹೂವು ಚೆಲ್ಲುತ್ತ ಹೋಗುವುದನ್ನು ಸಣ್ಣವಳಿದ್ದಾಗಿನಿಂದ ನೋಡಿದ್ದೇನೆ. ಪೆಟ್ಟಿಗೆ ಹೂವಿನ ಸಹವಾಸದಲ್ಲಿ ಮರೆತಿದ್ದೆ, ಅಷ್ಟೆ. ಆದರೆ ಆ ಹೊತ್ತಿಗೆ ನಾಚಿಕೆಯಾಗಲಿಲ್ಲ, ಅಳು ಬಂತು. ಆರು ಗಂಟೆಗೆ ಇನ್ನು ನಾಲ್ಕೇ ತಾಸು.

ಅತ್ತು ಮುಖ ತೊಳೆದುಕೊಂಡು ಇಟ್ಟಿಗೆಗಳನ್ನು ಹೊರಗೆ ಸುರಿದೆ. ಇರುವುದು ಮಾಲೆ ತಾನೆ, ಮಾಲೆಯಲ್ಲೇ ಆಗಲಿ ಎಂದು ಮಂಟಪದ ಮೇಲಿನ ಬಿದಿರು ಗಳುಗಳಿಂದ ಒಂದೊಂದಾಗಿ ಇಳಿಬಿಡತೊಡಗಿದೆ. ಒಂದು ಸುರುಳಿಗೆ ಒಂದು ಮಾರು. ಎರಡು ಕೈಯನ್ನೂ ಅಗಲಕ್ಕೆ ಚಾಚಿದರೆ ಎಷ್ಟೋ ಅಷ್ಟು. ಹಟ್ಟಿಯ ಪ್ರತಿ ಹೆಂಗಸೂ ತನ್ನ ತನ್ನ ಕೈಯಲ್ಲೇ ಅಳೆದಿದ್ದಳು. ಎತ್ತರದವಳ ಮಾರು ಉದ್ದ, ಕುಳ್ಳಿಯದು ತುಸು ಕಡಿಮೆ. ಅವು ಹೇಗೋ ಹೊಂದಿಕೊಂಡವು. ಒಂದು ಬುಟ್ಟಿಯ ಮಾಲೆಗಳು ಮಾತ್ರ ತೀರಾ ಗಿಡ್ಡ. ಉಳಿದವುಗಳ ಮುಕ್ಕಾಲು ಭಾಗವೂ ಇಲ್ಲ. "ಯಾವಳೋ ಅಳತೆಯಲ್ಲಿ ಮೋಸ ಮಾಡಿದ್ದಾಳೆ" ಎಂದು ಗೊಣಗಿ ಆ ಬುಟ್ಟಿಯನ್ನು ಕಾಲಿನಿಂದ ಮೂಲೆಗೆ ತಳ್ಳಿದೆ. ಹೂವಿಗೆ ಕಾಲು ಸೋಕಿಸಬಾರದು ಎನ್ನುವುದೂ ನೆನಪಿಗೆ ಬರಲಿಲ್ಲ.

ಐದು ಗಂಟೆಗೆ ಎಲ್ಲ ಮುಗಿಯಿತೆಂದುಕೊಂಡು ಹಸೆಮಣೆಯ ಮೇಲೆ ಕೂತು ನೋಡಿದೆ. ಎದ್ದು ನಿಂತೆ. ಮುಂದಿನ ಸಾಲಿನ ಮಾಲೆಗಳು ನೇರ ನನ್ನ ಹಣೆಗೆ ಬಡಿದವು. ನಾಳೆ ಗಂಡು ಪೇಟ ಕಟ್ಟಿ, ಹೆಣ್ಣು ಬಾಸಿಂಗ ಕಟ್ಟಿ ಎದ್ದು ನಿಂತರೆ ಇಬ್ಬರ ಮುಖವೂ ಕಾಣುವುದಿಲ್ಲ. ಕತ್ತರಿಸೋಣವೆಂದರೆ ಬಾಳೆನಾರಿನ ಗಂಟು ತುದಿಯಲ್ಲಿ ತುಂಡಾದರೆ ಮಾಲೆಯಿಡೀ ಉದುರುತ್ತದೆ. ಆಗ ಮೂಲೆಯ ಬುಟ್ಟಿ ಕಣ್ಣಿಗೆ ಬಿತ್ತು.

ಗಿಡ್ಡ ಮಾಲೆಗಳನ್ನು ತಂದು ನಡುವಿಗೆ ಕಟ್ಟಿದೆ. ಅಲ್ಲಿದ್ದ ಉದ್ದನೆಯವನ್ನು ಎರಡೂ ಬದಿಗೆ ಸರಿಸಿದೆ. ನಡುವೆ ಗಿಡ್ಡ, ಅದರ ಪಕ್ಕ ತುಸು ಉದ್ದ, ಅಂಚಿನಲ್ಲಿ ಎಲ್ಲಕ್ಕಿಂತ ಉದ್ದ. ತಾನಾಗಿಯೇ ಒಂದು ಕಮಾನು ಮೂಡಿತು. ಗೆರೆ ಹಾಕಿ ಮಾಡಿದ್ದರೂ ಅಷ್ಟು ಚೆಂದ ಬರುತ್ತಿರಲಿಲ್ಲ. ಮತ್ತೆ ಹಸೆಮಣೆಯ ಮೇಲೆ ನಿಂತೆ. ತಲೆಯ ಮೇಲೆ ಒಂದು ಗೇಣು ಜಾಗವಿತ್ತು.

ಆರು ಗಂಟೆಗೆ ಹುಡುಗಿಯ ತಾಯಿ ಕೈಯಲ್ಲಿ ಫೋನ್ ಹಿಡಿದೇ ಬಂದರು. ಮಂಟಪದ ಮುಂದೆ ನಿಂತು ಒಂದು ಮಾಲೆಯನ್ನು ಮೂಗಿನ ಹತ್ತಿರ ಎಳೆದುಕೊಂಡರು. ಮರುಗದ ವಾಸನೆ ಛತ್ರವಿಡೀ ತುಂಬಿತ್ತು. "ನಮ್ಮಮ್ಮನ ಮದ್ವೇಲಿ ಇದೇ ವಾಸನೆ ಇತ್ತಂತೆ, ಯಾವಾಗ್ಲೂ ಚೆಪ್ಪೇವಾರು, ಹೇಳ್ತಿದ್ರು" ಎಂದು ಫೋನನ್ನು ಬ್ಯಾಗಿಗೆ ಹಾಕಿದರು. ನನಗೆ ಅಷ್ಟು ಸಾಕಾಗಿತ್ತು.

ವಾರ ಕಳೆದ ಮೇಲೆ ಹಣ್ಣು, ಎಲೆ ಅಡಿಕೆ ಹಿಡಿದುಕೊಂಡು ಕಳ್ಳಂಬೆಳ್ಳಕ್ಕೆ ಹೋದೆ. ಬೈದದ್ದಕ್ಕೆ ಕ್ಷಮೆ ಕೇಳಬೇಕಿತ್ತು. ಆ ಗಿಡ್ಡ ಮಾಲೆ ಕಟ್ಟಿದವರು ಯಾರೆಂದು ತಿಳಿಯಬೇಕೆಂಬ ಆಸೆಯೂ ಇತ್ತು. ಸೊಸೆ ನಗುತ್ತ ಹೊಂಗೆ ಮರದ ಕೆಳಗೆ ಕೂತಿದ್ದ ತನ್ನ ಅತ್ತೆಯನ್ನು ತೋರಿಸಿದಳು. ಬಿಡಿ ಹೂವು ಕಳಿಸಕೂಡದೆಂದು ಪಟ್ಟು ಹಿಡಿದಿದ್ದ ಅಜ್ಜಿ. ಹಿಂದೆ ಯಾವಾಗಲೋ ಬಿದ್ದು ಬಲಗೈ ಮುರಿದು, ಮೊಣಕೈ ಸೊಟ್ಟಗೆ ಕೂಡಿಕೊಂಡಿತ್ತು. ಆ ಕೈ ಪೂರ್ತಿ ಚಾಚಲು ಬರುತ್ತಿರಲಿಲ್ಲ.

ಅಜ್ಜಿ ನೇರವಾಗಿ ಕೇಳಿತು: "ನನ್ನವು ಗಿಡ್ಡ ಆದ್ವೇನಮ್ಮ?"

ಆ ಗಿಡ್ಡ ಮಾಲೆಗಳೇ ಕಮಾನಾಗಿ ನನ್ನ ಮಾನ ಉಳಿಸಿದ್ದನ್ನು ಹೇಳಿದೆ. ಅಜ್ಜಿ ತನ್ನ ಸೊಟ್ಟ ಕೈಯನ್ನು ಸವರಿಕೊಂಡಿತು.

"ಹೂ ಕಟ್ಟಾದು ಬುಟ್ಟು ನಾಕು ವರ್ಸ ಆಗಿತ್ತು ಕಣಮ್ಮ. ಸಿರಾ ಬಸ್ ಸ್ಟ್ಯಾಂಡಾಗೆ ಮಾರ್ತಿದ್ದೆ. ಒಬ್ಬಾಕಿ ನನ್ನ ಮಾರ ತಗಂಡು ತನ್ನ ಕೈಯಾಗೆ ಅಳ್ದು, ಮುದುಕಿ ಮೋಸ ಮಾಡ್ತದೆ ಅಂದ್ಬುಟ್ಳು, ಎಲ್ರ ಮುಂದೆ. ಅವತ್ತೇ ಬುಟ್ಟೆ. ಮದ್ವೆ ಹೂವ ಅಂತ ಹೋದ ವಾರ ಮತ್ತೆ ಕೈ ಹಾಕ್ದೆ."

"ನಾನೂ ಅದನ್ನೇ ಅಂದುಬಿಟ್ಟೆ ಅಜ್ಜಿ" ಎಂದೆ. ಕಾಲಿನಿಂದ ತಳ್ಳಿದ್ದನ್ನೂ ಹೇಳಿದೆ. ಹೇಳದೆ ಬಂದಿದ್ದರೆ ಇವತ್ತಿಗೂ ಅದು ನನ್ನನ್ನು ಕೊರೆಯುತ್ತಿತ್ತು. ಅಜ್ಜಿ ಬೊಚ್ಚು ಬಾಯಿ ಬಿಟ್ಟು ನಕ್ಕಿತು. "ಗಿಡ್ಡ ಇದ್ದಿದ್ದು ದಿಟ್ವೇ ಅಲ್ವಾ, ಬುಡು."

ಆಮೇಲೆ ಸುತ್ತಿನ ಊರುಗಳಲ್ಲಿ ಬಹಳ ಮಂಟಪ ಕಟ್ಟಿದ್ದೇನೆ. ಚಳಿಗಾಲಕ್ಕೆ ಸೇವಂತಿಗೆ, ಬೇಸಿಗೆಗೆ ಕಾಕಡ, ಸುಗಂಧರಾಜ. ಹೂವು ಬದಲಾಗುತ್ತದೆ, ಕಮಾನು ಅದೇ. ಯಾವ ಮದುವೆಯೇ ಇರಲಿ, ನಡುವಿನ ಮಾಲೆಗಳು ಅಜ್ಜಿಯ ಕೈಯವೇ ಆಗಬೇಕು. ಅವನ್ನು ತರಲು ನಾನೇ ಹೋಗುತ್ತೇನೆ.

ಅಜ್ಜಿ ಪ್ರತಿ ಮಾಲೆಯನ್ನೂ ನನ್ನ ಮುಂದೆಯೇ ಅಳೆಯುತ್ತದೆ. ಕೊನೆಗೆ ಅಳತೆಯ ಮೇಲೆ ಕೊಸರೆಂದು ಒಂದು ಗೇಣು ಹೂವನ್ನು ಬೇರೆಯಾಗಿ ಕಟ್ಟುತ್ತದೆ. "ಕೊಸರು ಬೇಡ ಅಜ್ಜಿ, ನಿನ್ನ ಮಾರೇ ಸರಿಯಾದ ಅಳತೆ" ಎಂದು ನಾನು ಸಿಡುಕುತ್ತೇನೆ.

"ಮಂಟಪಕ್ಕಲ್ಲ ಕಣಮ್ಮ. ಊರಿಗೆಲ್ಲ ಹೂವ ಕಟ್ತೀಯ, ನಿನ್ ತಲೆ ನೋಡು ಹೆಂಗೈತೆ" ಎನ್ನುತ್ತದೆ.

ಮುಡಿಸಲು ಆ ಸೊಟ್ಟ ಕೈ ನನ್ನ ತಲೆಯವರೆಗೆ ಏಳುವುದಿಲ್ಲ. ನಾನೇ ಬಗ್ಗುತ್ತೇನೆ.