ಕಾವು ಕೂರದ ಕೋಳಿ

ಕೋಳಿ ಸಾಕುವುದರಲ್ಲಿ ನನ್ನದು ಒಳ್ಳೆಯ ಕೈಗುಣ ಎಂದು ಒಂದು ಊರೇ ನಂಬಿತ್ತು. ಈಗಲೂ ಹಳಬರು ಯಾರಾದರೂ ಸಿಕ್ಕಿ ಆ ಮಾತು ಎತ್ತಿದರೆ ನನಗೆ ಮೈ ಉರಿಯುತ್ತದೆ. ಅವರ ಮೇಲಲ್ಲ, ನನ್ನ ಮೇಲೆಯೇ. ಆ ಕೈಗುಣ ಎಲ್ಲಿಂದ ಬಂತು, ಅದಕ್ಕೆ ಯಾರು ಬೆಲೆ ತೆತ್ತರು ಎನ್ನುವುದನ್ನು ಈ ವಯಸ್ಸಿನಲ್ಲಾದರೂ ಬರೆದುಬಿಡುತ್ತೇನೆ.

ನಾನು ಉಮ್ಮತ್ತೂರಿನ ಹುಡುಗಿ. ತೆರಕಣಾಂಬಿ ಹತ್ತಿರದ ಒಂದು ಹಳ್ಳಿಗೆ ಸೊಸೆಯಾಗಿ ಬಂದಾಗ ಹದಿನೇಳು ವರ್ಷ. ಐವತ್ತರ ದಶಕದ ಮೊದಲ ವರ್ಷಗಳು ಅವು. ಮಾವ ಮತ್ತು ನನ್ನ ಗಂಡ ಹೊಲ ನೋಡಿಕೊಳ್ಳುತ್ತಿದ್ದರು, ಅತ್ತೆ ಮನೆಯನ್ನೂ ಕೋಳಿಗಳನ್ನೂ ನೋಡಿಕೊಳ್ಳುತ್ತಿದ್ದರು. ನಮ್ಮ ಕಡೆ ಕೋಳಿ ಪೂರಾ ಹೆಂಗಸರ ಬದುಕು. ಗಂಡಸರಿಗೆ ಕೋಳಿಯ ಗುರುತು ಸಿಗುತ್ತಿದ್ದದ್ದು ಸಾರಿನಲ್ಲಿ ಮಾತ್ರ. ಉಪ್ಪು, ಎಣ್ಣೆ, ಬಳೆ, ಮಗಳ ಬಾಣಂತನಕ್ಕೆ ಒಂದು ಸೀರೆ, ಎಲ್ಲವೂ ಹೆಂಗಸರಿಗೆ ಮೊಟ್ಟೆಯಿಂದಲೇ ಹುಟ್ಟಬೇಕು. ಹಾಗಾಗಿ ಹತ್ತು ಕೋಳಿ ಇರುವ ಹೆಂಗಸು ಯಾರ ಮುಂದೆಯೂ ಕೈಚಾಚುತ್ತಿರಲಿಲ್ಲ.

ಮದುವೆಯಾಗಿ ಮೂರು ವರ್ಷವಾದರೂ ನನಗೆ ಮಕ್ಕಳಾಗಿರಲಿಲ್ಲ. ಅತ್ತೆ ಮೊದಲು ದೇವರನ್ನು ಬೈದರು, ಆಮೇಲೆ ನನ್ನ ತವರನ್ನು, ಆಮೇಲೆ ನನ್ನನ್ನು. ಮಗನಿಗೆ ಇನ್ನೊಂದು ತರಬೇಕೆಂಬ ಮಾತು ಜಗುಲಿಯ ಮೇಲೆ, ನನಗೆ ಕೇಳುವ ಹಾಗೇ ನಡೆಯುತ್ತಿತ್ತು. ಕೋಳಿ ಕೇಳಿ ಖಾರ ಅರೆಯುತ್ತಾರೆಯೇ? ನನ್ನನ್ನು ಯಾರೂ ಏನೂ ಕೇಳಲಿಲ್ಲ. ಗಂಡ ಒಳ್ಳೆಯವನು, ಅಂದರೆ ಎರಡು ಕಡೆಗೂ ತಲೆಯಾಡಿಸುವವನು.

ಆ ಮನೆಗೆ ಇನ್ನೊಬ್ಬ ಸೊಸೆ ಇದ್ದಳು, ನನ್ನ ಭಾವನ ಹೆಂಡತಿ. ನಾನು ಬರುವ ಮುಂಚೆಯೇ ಭಾವ ಜ್ವರ ಬಂದು ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಅವಳಿಗೆ ಬೀದಿಯ ಕೊನೆಯಲ್ಲಿದ್ದ ಹಳೇ ಕೊಟ್ಟಿಗೆಯೊಂದನ್ನು ಬಿಟ್ಟುಕೊಟ್ಟಿದ್ದರು. ಅವಳು ನಮ್ಮ ಹೊಲಕ್ಕೇ ಕೂಲಿಗೆ ಬರುತ್ತಿದ್ದಳು. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ತವರು ಚಂದಕವಾಡಿಯಲ್ಲಿ ತಮ್ಮನಿದ್ದ, ಆದರೆ ತಮ್ಮನ ಹೆಂಡತಿಯ ಬಾಯಿ ಕಂಡ ಅಕ್ಕ, ಅಲ್ಲಿಗೆ ಹೋಗಿ ಬಿದ್ದಿರುವುದಕ್ಕಿಂತ ಈ ಕೊಟ್ಟಿಗೆಯಲ್ಲೇ ಸಾಯುವುದು ವಾಸಿ ಎನ್ನುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಒಂದೇ: ನಾಲ್ಕು ಕೋಳಿ, ತನ್ನದೇ ಆದದ್ದು. ಅಷ್ಟಿದ್ದರೆ ಈ ಊರಲ್ಲಿ ಉಳಿಯಬಹುದು.

ಅಂಥವರಿಗಾಗಿ ಪಾಲಿನ ಪದ್ಧತಿ ಇತ್ತು. ಇರುವವರು ಇಲ್ಲದವರಿಗೆ ಒಂದು ಹ್ಯಾಟೆಯನ್ನು, ಅಂದರೆ ಹೆಣ್ಣು ಕೋಳಿಯನ್ನು, ಸಾಕಲು ಕೊಡುತ್ತಾರೆ. ಅದು ಇಕ್ಕಿದ ಮೊಟ್ಟೆಯನ್ನು ಸಾಕುವವಳು ತಿನ್ನುವ ಹಾಗಿಲ್ಲ, ಮಾರುವ ಹಾಗಿಲ್ಲ. ಅದು ಬೀಜ. ಕೋಳಿ ಕಾವಿಗೆ ಕೂತು ಮರಿ ಮಾಡಿ, ಮರಿಗಳು ಹದ್ದಿನ ಕಣ್ಣು ತಪ್ಪಿಸಿ ಗೇಣುದ್ದ ಬೆಳೆದ ಮೇಲೆ ಅರ್ಧ ಒಡತಿಗೆ, ಅರ್ಧ ಸಾಕಿದವಳಿಗೆ. ಈ ಲೆಕ್ಕದಲ್ಲಿ ಯಾವ ಕಾಲಕ್ಕೂ ಜಗಳವಾಗುತ್ತಿರಲಿಲ್ಲ. ಯಾಕೆಂದರೆ ನಮ್ಮ ನಾಟಿ ಕೋಳಿ ಹದಿನೈದು ಮೊಟ್ಟೆ ಇಕ್ಕಿದರೆ ಹದಿನಾರನೆಯ ದಿನ ರೆಕ್ಕೆ ಕೆದರಿಕೊಂಡು ಕೂತೇ ಕೂರುತ್ತದೆ.

ಆಗ ಬಂದವು ಸೀಮೆಕೋಳಿಗಳು. ಗ್ರಾಮಸೇವಕರು ಒಂದು ದಿನ ಸೈಕಲ್ಲಿನ ಹಿಂದೆ ಮಂಕರಿ ಕಟ್ಟಿಕೊಂಡು ಬಂದು ಮಾವನಿಗೆ ಮೂರು ಬಿಳಿ ಹ್ಯಾಟೆ, ಒಂದು ಬಿಳಿ ಹುಂಜ ಕೊಟ್ಟರು. ಊರಿನ ದೊಡ್ಡ ಮನೆಯವರು ಸಾಕಿದರೆ ಉಳಿದವರೂ ಸಾಕುತ್ತಾರೆ ಎಂಬ ಲೆಕ್ಕ. ದೊಡ್ಡ ಮನೆ ಎಂದರೆ ಶಿವಪೂಜೆಯ ಒಕ್ಕಲು ಮನೆಗಳೇ, ಆದರೆ ಅವರು ಕೋಳಿಯನ್ನು ಬಾಗಿಲೊಳಗೆ ಬಿಡದ ಜನ. ಹಾಗಾಗಿ ಆ ಮರ್ಯಾದೆ ನಮ್ಮ ಮನೆಗೆ ಬಂತು. ಗ್ರಾಮಸೇವಕರು ಜಗುಲಿಯ ಮೇಲೆ ಕೂತು ಗೂಡು ಹೇಗಿರಬೇಕು, ತೌಡಿಗೆ ಏನು ಬೆರೆಸಬೇಕು, ಕೊಕ್ಕರೆ ರೋಗ ಬಂದರೆ ಏನು ಮಾಡಬೇಕು ಎಂದೆಲ್ಲ ಗಂಡಸರಿಗೆ ವಿವರಿಸಿದರು. ಗಂಡಸರು ಬೀಡಿ ಸೇದುತ್ತಾ ಹೂಂಗುಟ್ಟಿದರು. ಕೋಳಿ ಸಾಕಬೇಕಾಗಿದ್ದ ನಾವು ಬಾಗಿಲ ಹಿಂದೆ ನಿಂತು ಅರ್ಧಂಬರ್ಧ ಕೇಳಿಸಿಕೊಂಡೆವು. ಹೋಗುವಾಗ ಅವರು ಒಂದು ಸಣ್ಣ ಪುಸ್ತಕ ಕೊಟ್ಟು ಹೋದರು. ಮಾವ ಅದನ್ನು ತೊಲೆಯ ಸಂದಿಗೆ ಸಿಕ್ಕಿಸಿದರು.

ಆ ಮನೆಯಲ್ಲಿ ಸರಿಯಾಗಿ ಓದಲು ಬರುತ್ತಿದ್ದದ್ದು ನನಗೊಬ್ಬಳಿಗೇ. ಎಲ್ಲರೂ ಹೊಲಕ್ಕೆ ಹೋದ ಹೊತ್ತಿನಲ್ಲಿ ಅದನ್ನು ತೆಗೆದು ಓದಿದೆ. ಅದರಲ್ಲಿ ಒಂದು ಕಡೆ ಸ್ಪಷ್ಟವಾಗಿ ಬರೆದಿತ್ತು: ಈ ಜಾತಿಯ ಕೋಳಿ ಮೊಟ್ಟೆ ಇಡುತ್ತಲೇ ಇರುತ್ತದೆ, ಕಾವಿಗೆ ಕೂರುವುದಿಲ್ಲ, ಇದರ ಮೊಟ್ಟೆಗಳನ್ನು ನಾಟಿ ಕೋಳಿಯ ಕೆಳಗೆ ಇಟ್ಟು ಮರಿ ಮಾಡಿಸಬೇಕು. ನಾನು ಪುಸ್ತಕವನ್ನು ಮತ್ತೆ ತೊಲೆಗೆ ಸಿಕ್ಕಿಸಲಿಲ್ಲ. ನನ್ನ ಪೆಟ್ಟಿಗೆಯ ತಳದಲ್ಲಿಟ್ಟೆ. ಯಾರೂ ಅದನ್ನು ಹುಡುಕಲಿಲ್ಲ.

ಅತ್ತೆ ಆ ಮೂರು ಹ್ಯಾಟೆಗಳಲ್ಲಿ ಒಂದನ್ನು ಅಕ್ಕನಿಗೆ ಪಾಲಿಗೆ ಕೊಟ್ಟರು. ಅದು ಅವರು ಅವಳ ಮೇಲೆ ತೋರಿಸಿದ ಮೊದಲ ಪ್ರೀತಿ, ಕೊನೆಯದೂ ಕೂಡ. ನಮ್ಮ ಮನೆಯ ಎರಡು ಬಿಳಿ ಕೋಳಿಗಳ ಮೊಟ್ಟೆಯನ್ನು ನಾನು ದಿನವೂ ಎತ್ತಿಟ್ಟು, ಕೆಂದ ನಾಟಿ ಕೋಳಿ ಕಾವಿಗೆ ಬಂದಾಗ ಅದರ ಮೊಟ್ಟೆಗಳನ್ನು ತೆಗೆದು ಇವನ್ನು ಇಟ್ಟೆ. ಮಂಕರಿಗೆ ಹೊಟ್ಟು ಹಾಕಿ, ಸಿಡಿಲಿಗೆ ಮೊಟ್ಟೆ ಕೆಡದಿರಲಿ ಎಂದು ಒಂದು ಇದ್ದಿಲು, ಒಂದು ಮೊಳೆ ಇಟ್ಟು ಅಟ್ಟದ ಕೆಳಗೆ ಕೂರಿಸಿದೆ. ಮೂರು ವಾರಕ್ಕೆ ಹದಿಮೂರು ಮರಿ ಒಡೆದವು. ಸಗಣಿ ತುಂಬಿದ ಮಡಕೆಯನ್ನು ಹುತ್ತದ ಬಳಿ ಕವುಚಿಟ್ಟು ಗೆದ್ದಲು ಹಿಡಿದು ತಂದು ಮರಿಗಳಿಗೆ ಹಾಕಿದೆ. ಒಂದೂ ಸಾಯಲಿಲ್ಲ.

ಮನೆ ತುಂಬ ಕೋಳಿ ಇರುವಾಗ ಯಾವುದರ ಮೊಟ್ಟೆ, ಯಾವುದರ ಕಾವು ಎಂದು ಯಾರು ನೋಡುತ್ತಾರೆ? ಅತ್ತೆ ನೋಡಿದ್ದು ಮರಿಗಳನ್ನು. ಕೇರಿಯ ಹೆಂಗಸರನ್ನೆಲ್ಲ ಕರೆದು ತೋರಿಸಿ ನನ್ನ ಚಿಕ್ಕ ಸೊಸೆಯ ಕೈಗುಣ ಎಂದರು. ಇಂಥ ಕೈ ಇರುವವಳ ಹೊಟ್ಟೆ ಬರಿದಾಗಿರುವುದಿಲ್ಲ, ಇಷ್ಟು ಕಾದವರು ಇನ್ನೊಂದು ವರ್ಷ ಕಾಯೋಣ ಎಂದು ಮಾವನಿಗೂ ಹೇಳಿದರು. ಎರಡನೆಯ ಮದುವೆಯ ಮಾತು ಅಲ್ಲಿಗೆ ನಿಂತಿತು. ಅದು ನಿಂತದ್ದು ಒಂದು ಪುಸ್ತಕದ ನಾಲ್ಕು ಸಾಲಿನಿಂದ ಎಂದು ನಾನು ಹೇಳಬೇಕಿತ್ತೇ? ಹೇಳಿದರೆ ಕೈಗುಣ ಎಲ್ಲಿ ಉಳಿಯುತ್ತಿತ್ತು?

ಅಕ್ಕನ ಹತ್ತಿರ ಇದ್ದದ್ದು ಅದೊಂದೇ ಕೋಳಿ. ಅದು ದಿನಕ್ಕೊಂದರಂತೆ ಇಕ್ಕುತ್ತಿತ್ತು. ಅವಳು ಹದಿನೈದು ಕೂಡಿಟ್ಟು ಕಾದಳು, ಇಪ್ಪತ್ತು ಕೂಡಿಟ್ಟು ಕಾದಳು. ಅದು ಬಂದು, ಇಕ್ಕಿ, ಕೂಗಿ, ಎದ್ದು ಹೋಗುತ್ತಿತ್ತು. ಬೇಸಿಗೆಯ ಝಳಕ್ಕೆ ಮೊಟ್ಟೆ ಕೊಳೆತವು. ಕೊಳೆತದ್ದನ್ನು ತಿಪ್ಪೆಯಲ್ಲಿ ಹೂತು ಮತ್ತೆ ಹೊಸದನ್ನು ಕೂಡಿಡಲು ಶುರು ಮಾಡಿದಳು. ರಾಗಿ ಹಿಟ್ಟಿನ ಮುದ್ದೆಗೆ ಉಪ್ಪು ನೀರು ನೆಂಚಿಕೊಂಡು ಉಣ್ಣುತ್ತಿದ್ದ ಹೆಂಗಸು ಆ ಮೊಟ್ಟೆಗಳಲ್ಲಿ ಒಂದನ್ನೂ ಒಲೆಗೆ ಇಡಲಿಲ್ಲ. ಬೀಜ ತಿನ್ನಬಾರದು ಎಂಬ ಮಾತಿಗೆ ಅಷ್ಟು ಕಟ್ಟುಬಿದ್ದವಳು.

ಒಂದು ಮಧ್ಯಾಹ್ನ ಅತ್ತೆ ಇಲ್ಲದ ಹೊತ್ತು ನೋಡಿ ನಮ್ಮ ಹಿತ್ತಲಿಗೆ ಬಂದಳು. ನಮ್ಮ ಕಡೆ ಕಾವಿನ ಕೋಳಿಯನ್ನು ಹೊಸಿಲು ದಾಟಿಸಿ ಇನ್ನೊಬ್ಬರ ಮನೆಗೆ ಕೊಡುವುದಿಲ್ಲ, ಕೊಟ್ಟರೆ ಮನೆಯ ಏಳಿಗೆ ಅದರ ಹಿಂದೆಯೇ ಹೋಗುತ್ತದೆ ಎನ್ನುತ್ತಾರೆ. ಅದು ಅವಳಿಗೂ ಗೊತ್ತಿತ್ತು. ಅದಕ್ಕೇ ಕೋಳಿ ಕೇಳಲಿಲ್ಲ.

"ನಮ್ಮೋಳು ಕಾವ್ಗೆ ಬತ್ತಾನೆ ಇಲ್ಲ ಕಣಮ್ಮಿ," ಎಂದಳು. "ನಿಮ್ಮ ಕೆಂದ ಕೋಳಿ ಕೆಳಗೆ ನನ್ನವೂ ಒಸಿ ಇಡು. ಏಳೇ ಏಳು ಸಾಕು."

ಅತ್ತೆಯನ್ನು ಕೇಳಿ ಹೇಳುತ್ತೇನೆ ಎಂದೆ. ಕೇಳಲಿಲ್ಲ. ಕೇಳಿದರೆ ಅತ್ತೆ ಯಾಕೆ ಎನ್ನುತ್ತಿದ್ದರು, ಯಾಕೆ ಎಂದರೆ ಆ ಕೋಳಿ ಕೂರುವುದಿಲ್ಲ ಎನ್ನಬೇಕು, ಅದು ನಿನಗೆ ಹೇಗೆ ಗೊತ್ತು ಎಂದರೆ ಪುಸ್ತಕ ತೆಗೆಯಬೇಕು. ಎರಡು ದಿನ ಬಿಟ್ಟು ಅಕ್ಕ ಹೊಲದಲ್ಲಿ ಕಳೆ ಕೀಳುವಾಗ ನನ್ನತ್ತ ನೋಡಿದಳು. ಅತ್ತೆ ಬೇಡವೆಂದರು ಎಂದುಬಿಟ್ಟೆ.

ಆಮೇಲೆ ನಾಯಿಯೊಂದು ಅವಳ ತಿಪ್ಪೆ ಕೆದಕಿತು. ಬಿಳಿ ಚಿಪ್ಪುಗಳು ಬೀದಿಗೆ ಬಂದವು. ಪಕ್ಕದ ಮನೆಯವಳು ನೋಡಿ ಅತ್ತೆಯ ಕಿವಿಗೆ ಹಾಕಿದಳು: ನಿಮ್ಮ ದೊಡ್ಡ ಸೊಸೆ ಪಾಲಿನ ಮೊಟ್ಟೆಯನ್ನು ಬೇಯಿಸಿ ತಿನ್ನುತ್ತಾ ಚಿಪ್ಪು ಹೂಳುತ್ತಿದ್ದಾಳೆ, ಕೋಳಿಯನ್ನು ಬೇಕೆಂದೇ ಕಾವಿಗೆ ಕೂರಿಸುತ್ತಿಲ್ಲ. ನಾಲ್ಕು ತಿಂಗಳಾದರೂ ಒಂದು ಮರಿ ಕಾಣದ ಅತ್ತೆಗೆ ಅಷ್ಟು ಸಾಕಾಯಿತು.

ಬೆಳಗ್ಗೆಯೇ ಅವಳನ್ನು ಕರೆಸಿದರು. ಕೇರಿಯ ಏಳೆಂಟು ಹೆಂಗಸರು ಅಂಗಳದಲ್ಲಿ ಸೇರಿದ್ದರು. ಅಕ್ಕ ಕೋಳಿಯ ಕಾಲು ಕಟ್ಟಿ ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಮೊಟ್ಟೆಯ ಮಂಕರಿ ಎತ್ತಿಕೊಂಡು ಬಂದಳು. ತಿಂದಿಲ್ಲ, ಅದು ಕಾವಿಗೆ ಕೂರುತ್ತಿಲ್ಲ ಎಂದಳು.

"ಕಾವ್ಗೆ ಕೂರ್ದೆ ಇರೋ ಕೋಳಿನೂ ಅದಾ ಲೋಕದಲ್ಲಿ?" ಎಂದರು ಅತ್ತೆ. ಹೆಂಗಸರು ನಕ್ಕರು. ಹುಟ್ಟಿದಾರಭ್ಯ ಕೋಳಿಯ ನಡುವೆ ಬೆಳೆದವರು ಅವರು, ಅಂಥದ್ದನ್ನು ಅವರಲ್ಲಿ ಒಬ್ಬರೂ ಕಂಡಿರಲಿಲ್ಲ. ಮಾರಿಗುಡಿಯಲ್ಲಿ ದೀಪ ಮುಟ್ಟಿ ಆಣೆ ಮಾಡು ಎಂದರು.

ಅಕ್ಕ ಆಣೆ ಮಾಡಲಿಲ್ಲ. ಕೂತು ಮಂಕರಿ ಇಳಿಸಿ, ಮೊಟ್ಟೆಗಳನ್ನು ಒಂದೊಂದಾಗಿ ಕಲ್ಲಿಗೆ ಕುಟ್ಟಿ ಒಡೆಯತೊಡಗಿದಳು. ಮೊದಲನೆಯದಕ್ಕೇ ನಾತ ಬಡಿಯಿತು. ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಅವಳು ನಿಲ್ಲಿಸಲಿಲ್ಲ. ಇಪ್ಪತ್ತಮೂರು ಒಡೆದಳು. ತಿನ್ನುವವಳಾಗಿದ್ದರೆ ಇವು ಕೊಳೆಯುವ ತನಕ ಯಾಕೆ ಇರುತ್ತಿದ್ದವು ಎಂದು ಅವಳು ಬಾಯಿಬಿಟ್ಟು ಕೇಳಬೇಕಾಗಿರಲಿಲ್ಲ, ಎಲ್ಲರಿಗೂ ಅರ್ಥವಾಯಿತು. ಕಳ್ಳಿ ಎಂಬ ಮಾತು ಅಲ್ಲಿಗೆ ಬಿದ್ದುಹೋಯಿತು. ನನಗೂ ಉಸಿರು ಬಂತು, ಇನ್ನು ನಾನು ಬಾಯಿ ಬಿಡಬೇಕಾಗಿಲ್ಲ ಎಂದುಕೊಂಡೆ.

ಆಗ ಅತ್ತೆ ಹೇಳಿದರು, ಕೂಗದೆ, ಒಂಥರ ಮರುಕದಲ್ಲೇ: "ಇವ್ಳ ಕೈಗುಣನೇ ಇಷ್ಟು ಬುಡಿ. ಗಂಡನ್ನೇ ಉಳಿಸ್ಕೊಳ್ಳಕಾಗ್ದೋಳು ಮೊಟ್ಟೆ ಉಳಿಸ್ಕೊಂಡಾಳಾ? ಅದೇ ಕೋಳಿ, ಅದೇ ಊರು, ನಮ್ ಚಿಕ್ಕವಳ ಕೈಲಿ ಅದ್ಮೂರೂ ಬದುಕ್ಲಿಲ್ವಾ."

ಹೆಂಗಸರು ಹೌದು ಹೌದು ಎಂದರು. ಕಳ್ಳಿಯಾಗಿದ್ದರೆ ನಾಲ್ಕು ದಿನ ಬೈದು ಮರೆಯುತ್ತಿದ್ದರು. ಕೈಗುಣ ಕೆಟ್ಟವಳನ್ನು ಯಾರು ಬಿತ್ತನೆಗೆ ಕರೆಯುತ್ತಾರೆ, ಯಾರು ನಾಟಿಗೆ ಕರೆಯುತ್ತಾರೆ? ಪುಸ್ತಕ ಇದ್ದ ಪೆಟ್ಟಿಗೆ ನಾನು ನಿಂತ ಜಾಗದಿಂದ ಹತ್ತು ಹೆಜ್ಜೆ ದೂರದಲ್ಲಿತ್ತು. ನಾನು ಹೋಗಿ ಪೊರಕೆ ತಂದು ಅಂಗಳ ಗುಡಿಸಿದೆ.

ಒಂದು ತಿಂಗಳು ಅವಳಿಗೆ ಊರಿನಲ್ಲಿ ಯಾರೂ ಕೂಲಿ ಕೊಡಲಿಲ್ಲ. ಆಮೇಲೆ ಒಂದು ದಿನ ಕೊಟ್ಟಿಗೆಯ ಬಾಗಿಲಿಗೆ ಹಗ್ಗ ಕಟ್ಟಿ ಚಂದಕವಾಡಿಗೆ ಹೋದಳು. ಮುಂದಿನ ಸಲ ಬಂದ ಗ್ರಾಮಸೇವಕರು, ಕುಡಿಯಲು ಮಜ್ಜಿಗೆ ತಂದುಕೊಟ್ಟ ಅತ್ತೆಯ ಹತ್ತಿರ ಮಾತಿಗೆ ಮಾತು ಬಂದು, ಈ ಜಾತಿ ಕಾವಿಗೆ ಕೂರುವುದೇ ಇಲ್ಲವಲ್ಲ ತಾಯಿ, ಪುಸ್ತಕದಲ್ಲೇ ಇದೆ ಎಂದರು. ಹಾಗಾದರೆ ಕೋಳಿಯದೇ ತಪ್ಪು ಎಂದು ಅತ್ತೆ ಲೋಟ ತೆಗೆದುಕೊಂಡು ಒಳಗೆ ಬಂದರು. ಯಾವ ಪುಸ್ತಕ ಎಂದು ನನ್ನನ್ನು ಕೇಳಲಿಲ್ಲ, ಚಂದಕವಾಡಿಗೆ ಹೇಳಿಯೂ ಕಳಿಸಲಿಲ್ಲ. ಒಂದು ಕಾರ್ಡು ಬರೆಯಲು ನನಗೆ ಬರುತ್ತಿತ್ತು. ಅವಳಿಗೆ ಓದಲು ಬರುವುದಿಲ್ಲ, ಅವಳ ತಮ್ಮನ ಹೆಂಡತಿ ಬೇರೆಯವರ ಕೈಲಿ ಓದಿಸುತ್ತಾಳೆ ಎಂದು ನನಗೆ ನಾನೇ ನೆಪ ಹೇಳಿಕೊಂಡೆ.

ಮರುವರ್ಷ ನನಗೆ ಮಗ ಹುಟ್ಟಿದ. ಅವನಿಗೆ ಎಂಟು ತಿಂಗಳಾದಾಗ ಚಾಮರಾಜನಗರದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಅಕ್ಕ ಅಲ್ಲೇ ಮರದ ಕೆಳಗೆ ಒಂದು ಗಂಟು ಇಟ್ಟುಕೊಂಡು ಕೂತಿದ್ದಳು. ಬಹಳ ಇಳಿದುಹೋಗಿದ್ದಳು. ತಮ್ಮನ ಮನೆಯ ಹಿಟ್ಟು ಹೇಗೆ ಇಳಿಯುತ್ತಿದೆ ಎಂದು ಅವಳ ಕತ್ತು ನೋಡಿದರೇ ತಿಳಿಯುತ್ತಿತ್ತು. ನಾನು ಹತ್ತಿರ ಹೋಗಿ, ಬೇರೆ ಏನೂ ತೋಚದೆ, ಆ ಬಿಳಿ ಕೋಳಿ ಕಾವಿಗೆ ಕೂರುವ ಜಾತಿಯೇ ಅಲ್ಲವಂತೆ ಅಕ್ಕ, ಆಮೇಲೆ ಗೊತ್ತಾಯಿತು ಎಂದೆ. ಆಮೇಲೆ ಎಂದೆ. ಅಷ್ಟು ದಿನದ ನಂತರವೂ ಸುಳ್ಳೇ ಬಾಯಿಗೆ ಬಂತು.

"ನಿಂಗೆ ಮೊದ್ಲೇ ಗೊತ್ತಿತ್ತು ಕಣಮ್ಮಿ," ಎಂದಳು ಅಕ್ಕ, ಸಿಟ್ಟಿಲ್ಲದೆ. "ಅವತ್ತು ಎಲ್ರೂ ನನ್ ಮಕ ನೋಡ್ತಿದ್ರು. ನೀನೊಬ್ಳೇ ನೆಲ ನೋಡ್ತಿದ್ದೆ."

ಮತ್ತೆ ಯಾಕೆ ಅವತ್ತೇ ನನ್ನನ್ನು ಕೇಳಲಿಲ್ಲ, ಎಲ್ಲರ ಮುಂದೆ ಯಾಕೆ ಹೇಳಲಿಲ್ಲ ಎಂದೆ.

"ನಿಂಗೂ ಆಗ ಮಕ್ಳಿರ್ನಿಲ್ವಲ್ಲ. ಇಬ್ರೂ ಆ ಮನೆ ಬುಟ್ಟು ಎಲ್ಲಿಗೆ ಓಗನ?"

ಅವಳ ಬಸ್ಸು ಬಂತು. ನನ್ನ ಕಂಕುಳಲ್ಲಿದ್ದ ಮಗುವಿನ ಕೆನ್ನೆ ಸವರಿ, ಗಂಟು ಎತ್ತಿಕೊಂಡು ಹತ್ತಿದಳು.