ಮಂಜಿನಲ್ಲಿ ದೀಪ ಆರಿಸಿ ನಿಂತದ್ದು

ನಾನು ಹೆದರುಪುಕ್ಕಲ. ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ, ಆಲೂರಿನ ನನ್ನ ಕಬ್ಬಿಣದ ಸಾಮಾನಿನ ಅಂಗಡಿಗೆ ಬರುವ ಗಿರಾಕಿಗಳಿಗೆಲ್ಲ ಇದು ಗೊತ್ತಿರುವ ವಿಷಯವೇ. ಹೆತ್ತೂರಿನ ಗೆಳೆಯ ಬಂದು, "ನಾವ್ ನಾಲ್ಕೂ ಜನ ಬುಲೆಟ್ ತಗಂಡು ಭೂತಾನಕ್ಕೆ ಹೋಗ್ಬರಾಣ ಕಣೋ" ಎಂದಾಗ ನಾನು ಮೊದಲು ಕೇಳಿದ್ದು, ಅಲ್ಲಿ ಮೂಳೆ ಡಾಕ್ಟರು ಇದ್ದಾರೋ ಇಲ್ಲವೋ ಅಂತ.

"ಥೂ ನಿನ್ನ, ಹೊರಡಕ್ ಮುಂಚೆನೇ ಕಾಲು ಮುರ್ಕಂಡ್ಯಾ?" ಎಂದ ಅವನು.

ಸಕಲೇಶಪುರದ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಹೆತ್ತೂರಿನವನಿಗೆ ದೊಡ್ಡ ಎಸ್ಟೇಟ್, ಅದಕ್ಕಿಂತ ದೊಡ್ಡ ಗಂಟಲು. ಆನೇಮಹಲ್‌ನವನಿಗೆ ಹೈವೇ ಪಕ್ಕದಲ್ಲಿ ಗ್ಯಾರೇಜು. ಹೆಗ್ಗದ್ದೆಯವನದು ಕಾಡಿನಂಚಿನ ಸಣ್ಣ ಕಾಫಿ ತೋಟ. ಮಾತು ಕಡಿಮೆ, ಬೇಸಿಗೆಯಲ್ಲೂ ಕಿವಿ ಮುಚ್ಚುವ ಕಂದು ಬಣ್ಣದ ಮಫ್ಲರ್. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಮಗೆಲ್ಲ ಹೊಟ್ಟೆ ಬಂದಿತ್ತು, ಕೂದಲು ಹೋಗಿತ್ತು, ಫಾರಿನ್ ಕಂಡವರು ಒಬ್ಬರೂ ಇರಲಿಲ್ಲ. ಭೂತಾನಕ್ಕೆ ಪಾಸ್‌ಪೋರ್ಟ್ ಬೇಡ, ವೋಟರ್ ಕಾರ್ಡ್ ಸಾಕು ಎಂದು ಯಾರೋ ಹೆತ್ತೂರಿನವನ ತಲೆಗೆ ಹುಳ ಬಿಟ್ಟಿದ್ದರು.

ನಾನು ಒಪ್ಪಿದ್ದು ಹೆಗ್ಗದ್ದೆಯವನು ಜೊತೆಗಿರುತ್ತಾನೆ ಎಂಬ ಒಂದೇ ಧೈರ್ಯದ ಮೇಲೆ. ಅದಕ್ಕೆ ಕಾರಣವಿದೆ.

ನಮ್ಮ ಕಡೆ ಆನೆಗಳು ಕಾಡು ಬಿಟ್ಟು ತೋಟಗಳಲ್ಲೇ ಸಂಸಾರ ಹೂಡಿದ ಕಾಲ ಅದು. ಮಂಜಿನಲ್ಲಿ ಗಾಡಿ ಓಡಿಸುವುದಕ್ಕೆ ನಾವೊಂದು ಕ್ರಮ ಮಾಡಿಕೊಂಡಿದ್ದೆವು. ಒಬ್ಬರ ಹಿಂದೆ ಒಬ್ಬರು ಹೋಗಬೇಕು. ಮುಂದಿನವನ ದೀಪ ಆರಿತೆಂದರೆ ಆನೆ ಇದೆ ಎಂದರ್ಥ. ಹಿಂದಿನವರು ಕೂಡಲೇ ಇಂಜಿನ್ ಆರಿಸಿ, ದೀಪ ಆರಿಸಿ, ನಿಂತಲ್ಲೇ ನಿಲ್ಲಬೇಕು. ಹಾರ್ನ್ ಹೊಡೆಯಬಾರದು, ಕೂಗಬಾರದು, ಕೆಮ್ಮಲೂ ಬಾರದು. ಮುಂದಿನವನು ಮತ್ತೆ ಗಾಡಿ ಸ್ಟಾರ್ಟ್ ಮಾಡುವವರೆಗೆ ಕಾಯುವುದು, ಅಷ್ಟೇ.

ಒಮ್ಮೆ ಮದುವೆ ಊಟ ಮುಗಿಸಿ ಹೆತ್ತೂರಿನಿಂದ ಸಂಜೆ ಹೊರಟಿದ್ದೆವು. ಹೆಗ್ಗದ್ದೆಯವನ ಹಿಂದೆ ನಾನು ಕೂತಿದ್ದೆ. ಒಂದು ತಿರುವಿನಲ್ಲಿ ಅವನು ಎಲ್ಲ ಆರಿಸಿಬಿಟ್ಟ. ಯಾಕೋ ಎಂದು ಕೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಕ್ಕೆ ತಿರುಗಿ ತನ್ನ ಅಂಗೈಯಿಂದ ನನ್ನ ಬಾಯಿ ಒತ್ತಿ ಹಿಡಿದ. ಒದ್ದೆ ಗೋಣಿಚೀಲದಂಥ ವಾಸನೆ ಬಂತು. ಅದರ ಹಿಂದೆಯೇ ಆನೆಗಳು ಬಂದವು, ರಸ್ತೆ ದಾಟಿ ತೋಟಕ್ಕೆ ಇಳಿದವು. ಅವು ಹೋದ ಎಷ್ಟೋ ಹೊತ್ತಿನ ಮೇಲೆ ಅವನು ಕೈ ತೆಗೆದ.

"ಆನೆ ಮೊದ್ಲು ಮೂಗಿಗೆ ಬತ್ತದೆ ಕಣೋ, ಆಮೇಲೆ ಕಣ್ಣಿಗೆ. ಬಾಯಿ ಮುಚ್ಕಂಡು ಮೂಗು ಬಿಟ್ಕಂಡಿರು," ಎಂದ. ನನ್ನ ಪ್ಯಾಂಟು ಒದ್ದೆಯಾಗಿತ್ತು. ಅದನ್ನು ಅವನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ, ಈಗ ನಾನೇ ಹೇಳುತ್ತಿದ್ದೇನೆ.

ಮಳೆ ಬಿಟ್ಟು, ಕಾಫಿ ಕುಯ್ಲು ಶುರುವಾಗುವ ಮೊದಲಿನ ಬಿಡುವಿನಲ್ಲಿ ಹೊರಟೆವು. ಬುಲೆಟ್‌ಗಳಿಗೆ ಗೋಣಿ ಸುತ್ತಿ ರೈಲಿಗೆ ಹಾಕಿ, ನಾವೂ ರೈಲು ಹತ್ತಿ, ಬೆನ್ನು ಹಿಡಿದುಕೊಂಡು ಬಂಗಾಳದ ತುದಿಯಲ್ಲಿ ಇಳಿದೆವು. ಅಲ್ಲಿಂದ ಗಡಿಯವರೆಗೆ ಟೀ ತೋಟ, ನಡುನಡುವೆ ಕಾಡು. ಕಾಡಿನ ರಸ್ತೆಯಲ್ಲಿ ಆನೆಯ ಚಿತ್ರ ಬರೆದ ಬೋರ್ಡು ನಿಂತಿತ್ತು.

"ನೋಡ್ರೋ, ನೆಂಟ್ರು ಇಲ್ಲೂ ಅವ್ರೆ," ಎಂದು ಆನೇಮಹಲ್‌ನವನು ನಕ್ಕ.

ಹೆಗ್ಗದ್ದೆಯವನು ನಗಲಿಲ್ಲ. ಗಾಡಿ ನಿಲ್ಲಿಸಿ, ರಸ್ತೆ ಬದಿಯ ಲದ್ದಿಯನ್ನು ಬೂಟಿನಿಂದ ಒಡೆದು ನೋಡಿ, "ನಿನ್ನೇದು," ಎಂದ. ಆಮೇಲೆ ನಾವ್ಯಾರೂ ನಗಲಿಲ್ಲ. ಫಾರಿನ್ನಿಗೆ ಹೊರಟವರು ಊರಿನ ಭಯವನ್ನೂ ಗಂಟು ಕಟ್ಟಿಕೊಂಡು ಗಡಿ ದಾಟಿದೆವು.

ಗಡಿಯೂರಾದ ಫುಂಟ್‌ಶೋಲಿಂಗ್‌ನಲ್ಲಿ ಒಂದು ರಾತ್ರಿ ತಂಗಿದೆವು. ಊಟಕ್ಕೆ ಮೆಣಸಿನಕಾಯಿಯದೇ ಪಲ್ಯ ಬಂತು. ಖಾರ ತಿನ್ನುವುದಕ್ಕೆ ಹೆಸರಾದ ಹೆತ್ತೂರಿನವನು ಕಣ್ಣೀರು ಸುರಿಸಿಕೊಂಡು, "ಏನಿಲ್ಲ, ಹೊಗೆ," ಎಂದ. ಆ ರಾತ್ರಿ ಎಷ್ಟು ನಕ್ಕೆವೆಂದರೆ, ಬಂದದ್ದು ಒಳ್ಳೆಯದೇ ಆಯಿತು ಎಂದು ನನಗೂ ಅನ್ನಿಸಿತು.

ಮರುದಿನ ಥಿಂಪುವಿನ ಕಡೆ ಘಾಟಿ ಹತ್ತಿದೆವು. ಅದೆಂಥ ಘಾಟಿ ಮಾರಾಯ್ರೆ, ನಮ್ಮ ಶಿರಾಡಿಯನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ಏರುತ್ತಲೇ ಇತ್ತು. ಮಳೆಗೆ ಅಲ್ಲಲ್ಲಿ ಗುಡ್ಡ ಜರಿದು, ರಸ್ತೆಯ ಅಂಚು ಕಚ್ಚಿ ತಿಂದಂತಾಗಿತ್ತು. ಎಡಕ್ಕೆ, ಪ್ರಪಾತದ ಕಡೆ ನೋಡಬಾರದು ಎಂದು ನಾನು ಹೆಗ್ಗದ್ದೆಯವನ ಹಿಂಬದಿಯ ಕೆಂಪು ದೀಪಕ್ಕೇ ಕಣ್ಣು ನೆಟ್ಟಿದ್ದೆ. ಅವನು ಮುಂದೆ, ಹಿಂದೆ ನಾನು, ನನ್ನ ಹಿಂದೆ ಉಳಿದಿಬ್ಬರು.

ಮಧ್ಯಾಹ್ನದ ಹೊತ್ತಿಗೆ ಗೆಡು ಎಂಬ ಊರು ಹತ್ತಿರವಾಗುತ್ತಿದ್ದಂತೆ ಮಂಜು ಇಳಿಯಿತು. ಹೆತ್ತೂರಿನಲ್ಲಿ ಹುಟ್ಟಿದವನೇ, "ಇಂಥದ್ದು ನೋಡಿರ್ಲಿಲ್ಲ ಕಣ್ರೋ," ಎಂದು ಹಿಂದಿನಿಂದ ಕೂಗಿದ. ನನ್ನ ಗಾಡಿಯ ಮುಂದಿನ ಚಕ್ರವೂ ನನಗೆ ಕಾಣುತ್ತಿರಲಿಲ್ಲ. ಮುಂದೆ ಆ ಕೆಂಪು ಚುಕ್ಕಿಯೊಂದೇ. ಒಂದು ತಿರುವು ಬಂತು, ಕೆಂಪು ಚುಕ್ಕಿ ಆರಿತು.

ಯೋಚನೆಯನ್ನೇ ಮಾಡಲಿಲ್ಲ. ಕೈ ತಾನಾಗಿಯೇ ಕೀಲಿ ತಿರುಗಿಸಿತು. ನನ್ನ ದೀಪ ಆರಿತು, ಅದನ್ನು ಕಂಡು ಹಿಂದಿನವರದ್ದೂ ಆರಿದವು. ಅಷ್ಟು ಹೊತ್ತು ಕಿವಿ ತುಂಬಿದ್ದ ಮೂರು ಬುಲೆಟ್‌ಗಳ ಸದ್ದು ಒಮ್ಮೆಲೇ ನಿಂತುಹೋಯಿತು. ಹಿಂದಿನವರು ಗಾಡಿಗಳನ್ನು ಸದ್ದಿಲ್ಲದೆ ತಳ್ಳಿಕೊಂಡು ನನ್ನ ಪಕ್ಕಕ್ಕೆ ಬಂದರು. ಮೂವರೂ ಗುಡ್ಡದ ಬದಿಗೆ ಒತ್ತಿಕೊಂಡು ನಿಂತೆವು.

ಏನೂ ಕೇಳಿಸಲಿಲ್ಲ. ಹೆಲ್ಮೆಟ್ಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಆಮೇಲೆ ಕೆಳಗಡೆ ಒಂದು ಕೊಂಬೆ ಲಟಕ್ಕೆಂದು ಮುರಿಯಿತು. ಸ್ವಲ್ಪ ತಡೆದು ಇನ್ನೊಂದು. ಮೇಯುವ ಆನೆ ಕೊಂಬೆ ಮುರಿಯುವುದು ಹಾಗೆಯೇ, ಅವಸರವಿಲ್ಲದೆ. ಹೆತ್ತೂರಿನವನು ನನ್ನ ಭುಜ ಹಿಡಿದುಕೊಂಡ. ನನ್ನ ಎದೆ ಹೊಡೆದುಕೊಳ್ಳುವ ಸದ್ದೇ ಆನೆಗೆ ಕೇಳಿಸೀತು ಎಂದು ನಾನು ಜಾಕೆಟ್ಟಿನ ಮೇಲೆ ಕೈ ಇಟ್ಟುಕೊಂಡು ನಿಂತೆ. ಮನೆದೇವರನ್ನು ನೆನೆದೆ. ನೆನೆಯುವಾಗ, ಇಷ್ಟು ದೂರ ಅವನಿಗೆ ಕೇಳಿಸುತ್ತದೆಯೋ ಇಲ್ಲವೋ ಎಂಬ ಭಯವೂ ಬಂತು.

ಮುಂದಿನ ಗಾಡಿ ಸ್ಟಾರ್ಟ್ ಆಗಲಿಲ್ಲ. ಕಾದೆವು. ಮತ್ತೂ ಕಾದೆವು.

ಅವನು ಕಲಿಸಿದಂತೆ ನಾನು ಬಾಯಿ ಮುಚ್ಚಿಕೊಂಡು ಮೂಗು ಬಿಟ್ಟುಕೊಂಡಿದ್ದೆ. ಒದ್ದೆ ಗೋಣಿಯ ವಾಸನೆಗಾಗಿ ಕಾಯುತ್ತಿದ್ದ ಮೂಗಿಗೆ ಬಂದದ್ದು ಪೆಟ್ರೋಲ್ ವಾಸನೆ. ನನ್ನ ಟ್ಯಾಂಕು ಸೋರುತ್ತಿದೆಯೇನೋ ಎಂದು ಬಗ್ಗಿ ಮುಟ್ಟಿ ನೋಡಿದೆ, ಒಣಗಿತ್ತು. ಆನೇಮಹಲ್‌ನವನೂ ತನ್ನ ಗಾಡಿ ಮುಟ್ಟಿ ನೋಡಿ ಇಲ್ಲವೆಂದು ತಲೆಯಾಡಿಸಿದ. ವಾಸನೆ ಬರುತ್ತಿದ್ದದ್ದು ಕೆಳಗಿನಿಂದ, ಕೊಂಬೆ ಮುರಿದ ಕಡೆಯಿಂದ.

ಅಲ್ಲಿ ಆನೆ ಇಲ್ಲ ಎಂದು ನನಗೆ ಹೊಳೆಯಿತು. ಆಗ ಹೆದರಿದಷ್ಟು ನಾನು ಜನ್ಮದಲ್ಲೇ ಹೆದರಿಲ್ಲ. ಆನೆ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು.

ಕೀಲಿ ತಿರುಗಿಸಿ ಹಾರ್ನ್ ಒತ್ತಿ ಹಿಡಿದೆ. ಹೆತ್ತೂರಿನವನು ಹಾರಿ ಬಂದು ನನ್ನ ಕೈ ತಿರುಚಿದ. "ಏನ್ ಮಾಡ್ತಿದೀಯೋ, ಎಲ್ರನ್ನೂ ಸಾಯಿಸ್ಬುಡ್ತೀಯಾ?" ಎಂದು ಪಿಸುಗುಟ್ಟಿದ. ಅವನನ್ನು ತಳ್ಳಿ, ಹೆಗ್ಗದ್ದೆಯವನ ಹೆಸರು ಹಿಡಿದು ಕೂಗಿದೆ. ಮತ್ತೆ ಮತ್ತೆ ಕೂಗಿದೆ.

ಮಂಜಿನೊಳಗೆ, ನಮ್ಮ ಕಾಲಿನ ಮಟ್ಟಕ್ಕಿಂತ ಬಹಳ ಕೆಳಗಿನಿಂದ, ಸಣ್ಣ ದನಿ ಬಂತು.

"ಕೂಗ್ಬ್ಯಾಡ್ವೋ. ಆನೆ ಹೋಯ್ತಾ?"

ಮೂರೂ ಗಾಡಿಗಳ ದೀಪ ಹಾಕಿ ಅಂಚಿಗೆ ಬಂದೆವು. ತಿರುವಿನಲ್ಲಿ ರಸ್ತೆಯ ಎಡ ಅರ್ಧವೇ ಇರಲಿಲ್ಲ, ಹಸಿ ಮಣ್ಣು ಜಾರಿದ ಗುರುತಿತ್ತು. ಕೆಳಗೆ ಪೊದೆಗಳ ನಡುವೆ ಬುಲೆಟ್ ತಲೆಕೆಳಗಾಗಿ ಸಿಕ್ಕಿಕೊಂಡಿತ್ತು. ಅದರ ಭಾರಕ್ಕೆ ಕೊಂಬೆಗಳು ಒಂದೊಂದಾಗಿ ಮುರಿಯುತ್ತಿದ್ದವು. ಬುಲೆಟ್ಟಿನ ಕೆಳಗೆ ಅವನು ಒಂದು ಬೇರನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಿದ್ದ. ಅವನ ಕೆಳಗೆ ಮಂಜು ಬಿಟ್ಟರೆ ಏನೂ ಇರಲಿಲ್ಲ. ಇನ್ನೆರಡು ಕೊಂಬೆ ಮುರಿದಿದ್ದರೆ ಗಾಡಿ ಅವನನ್ನೂ ಕರೆದುಕೊಂಡು ಹೋಗುತ್ತಿತ್ತು.

ಸಾಮಾನು ಕಟ್ಟಿದ್ದ ಹಗ್ಗಗಳನ್ನೆಲ್ಲ ಬಿಚ್ಚಿ ಗಂಟು ಹಾಕಿದೆವು. ಆನೇಮಹಲ್‌ನವನು ಸೊಂಟಕ್ಕೆ ಕಟ್ಟಿಕೊಂಡು ಇಳಿದು, ಗಾಡಿಯನ್ನು ಮರಕ್ಕೆ ಬಿಗಿದು, ಅವನ ಕಂಕುಳಿಗೆ ಹಗ್ಗ ಹಾಕಿದ. ಅಷ್ಟರಲ್ಲಿ ಮೇಲಿನಿಂದ ಒಂದು ಲಾರಿ ಬಂತು, ಅದರ ಡ್ರೈವರೂ ಕ್ಲೀನರೂ ಇಳಿದು ಕೈಜೋಡಿಸಿದರು. ಎಳೆದು ಹಾಕಿದಾಗ ಅವನ ಬಲಗಾಲು ಮೊಣಕಾಲಿನ ಕೆಳಗೆ ಬೇರೆ ದಿಕ್ಕಿಗೆ ತಿರುಗಿತ್ತು. ಕಂದು ಮಫ್ಲರ್ ಕಿವಿಯ ಮೇಲಿರಲಿಲ್ಲ. ಉಂಡೆಯಾಗಿ ಎದೆಯ ಮೇಲೆ ಬಿದ್ದಿತ್ತು, ಎಂಜಲು ಮತ್ತು ರಕ್ತದಿಂದ ತೊಯ್ದಿತ್ತು. ಅಷ್ಟು ಹೊತ್ತೂ ಅದನ್ನು ಬಾಯಿಗೆ ತುರುಕಿಕೊಂಡು ಕಚ್ಚಿ ಹಿಡಿದಿದ್ದ.

ಹೆತ್ತೂರಿನವನಿಗೆ ಅಳು ಬಂತು, ಅದು ಸಿಟ್ಟಾಗಿ ಹೊರಬಿತ್ತು. "ಬಿದ್ದ ತಕ್ಷಣ ಕೂಗಕ್ಕೆ ಏನಾಗಿತ್ತೋ ನಿಂಗೆ?"

"ಕೂಗಣ ಅಂತಿದ್ದೆ. ಅಷ್ಟ್ರಲ್ಲಿ ಮೇಲೆ ನಿಮ್ ದೀಪ ಎಲ್ಲ ಆರ್ಹೋಯ್ತು," ಎಂದ ಅವನು. "ಆನೆ ನಿಮ್ ಹತ್ರ ಬಂದದೆ ಅಂದ್ಕಂಡೆ. ನಾನ್ ಕೂಗಿದ್ರೆ ಅದು ನಿಮ್ ಮೇಲೆ ತಿರುಗ್ಬುಡ್ತಿತ್ತು."

ಆನೇಮಹಲ್‌ನವನು ಕೈಸನ್ನೆ ಮಾಡಿ ತೋರಿಸಿ, ಇಲ್ಲಿ ಆನೆ ಇದೆಯಾ ಎಂದು ಹರಕು ಹಿಂದಿಯಲ್ಲಿ ಲಾರಿ ಡ್ರೈವರನ್ನು ಕೇಳಿದ. ಆತ ನಮ್ಮ ನಾಲ್ವರ ಮುಖವನ್ನೂ ನೋಡಿ, ಇಷ್ಟು ಎತ್ತರಕ್ಕೆ ಆನೆ ಯಾಕೆ ಬರುತ್ತದೆ ಎಂದ.

ಭೂತಾನದಲ್ಲಿ ಮೂಳೆ ಡಾಕ್ಟರು ಇದ್ದರು, ಒಳ್ಳೆಯವರೇ. ಕಾಲು ಕೂಡಿತು, ಕುಂಟು ಉಳಿಯಿತು. ಥಿಂಪುವನ್ನು ಆಸ್ಪತ್ರೆಯ ಕಿಟಕಿಯಿಂದ ನೋಡಿ, ಊರಿಗೆ ವಾಪಸ್ ಬಂದೆವು. ಭೂತಾನ ಹೇಗಿತ್ತು ಎಂದು ಅಂಗಡಿಯಲ್ಲಿ ಯಾರಾದರೂ ಕೇಳಿದರೆ, ಮೆಣಸಿನಕಾಯಿ ಪಲ್ಯದ ಕಥೆ ಹೇಳಿ ಕಳಿಸುತ್ತೇನೆ.

ಹೆಗ್ಗದ್ದೆಯವನು ಬುಲೆಟ್ ಬಿಟ್ಟು ಹಳೆಯ ಜೀಪು ತೆಗೆದುಕೊಂಡ. ಈಗಲೂ ಅವನ ತೋಟದಿಂದ ಜೊತೆಯಲ್ಲಿ ಹೊರಟಾಗ ಕೆಲವು ಸಲ ತಿರುವಿನಲ್ಲಿ ದೀಪ ಆರಿಸಿ ನಿಲ್ಲಿಸುತ್ತಾನೆ. ನಾನು ಬಾಯಿ ಬಿಡುವುದಿಲ್ಲ. ಕತ್ತಲಲ್ಲಿ ತಡಕಾಡಿ ಅವನ ಮೊಣಕೈ ಸಿಕ್ಕಿದ ಮೇಲೆ, ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತೇನೆ. ದೀಪ ಹೊತ್ತಿಸಿದ ಮೇಲೂ ಬಿಡುವುದಿಲ್ಲ.

"ಹೋಯ್ತು ಬಿಡೋ, ಇನ್ನೂ ಆನೆಗೆ ಇಷ್ಟು ಹೆದರ್ತೀಯಲ್ಲ," ಎಂದು ಅವನು ನಗುತ್ತಾನೆ.

"ಹೂಂ ಕಣೋ, ಆನೆಗೇ," ಎನ್ನುತ್ತೇನೆ.