ರೈಟರ್ ರಜೆ ಹಾಕಿದ ದಿನ

ನನ್ನ ಸೋದರಮಾವನ ಬಲಗೈ ಹೆಬ್ಬೆರಳಿನ ಉಗುರು ಅರ್ಧ ಕಪ್ಪಾಗಿತ್ತು. ಎಡಗೈಯದೂ ಇರಬಹುದು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿಗೆ ಸಿಕ್ಕಿದ್ದು ಎಂದು ನನ್ನ ನೆನಪು; ಅತ್ತೆ ಜೀಪಿನ ಬಾಗಿಲು ಎನ್ನುತ್ತಾರೆ. ಮುಂದೆ ಬರೆಯುವುದರಲ್ಲೂ ಇಂಥ ತಪ್ಪುಗಳಿದ್ದಾವು. ಆದರೆ ಆ ಹೆಬ್ಬೆರಳು ಸರ್ವರಿನ ಸ್ವಿಚ್ಚಿನ ಮೇಲಿದ್ದುದನ್ನು ಕಣ್ಣಾರೆ ಕಂಡಿದ್ದೇನೆ.

ಮಾವ ಮೊದಲು ಜಾವಳಿ ಕಡೆಯ ಎಸ್ಟೇಟೊಂದರಲ್ಲಿ ರೈಟರ್. ಆಳುಗಳ ಹಾಜರಿ ಬರೆಯುವ ಕೆಲಸ. ಆಫೀಸಿಗೆ ಕಂಪ್ಯೂಟರ್ ಬಂದಾಗ ತಾವೇ ಕೂತು ಕಲಿತರು. ಕೊನೆಗೆ ಮೂಡಿಗೆರೆಯ ಆಸ್ಪತ್ರೆಯೊಂದರ ಕಂಪ್ಯೂಟರ್‌ಗಳೆಲ್ಲ ಅವರ ಸುಪರ್ದಿಗೆ ಬಂದವು. ಎಂ.ಸಿ.ಎ. ಮುಗಿಸಿದ ನಾನು ಅವರ ಕೈಕೆಳಗೆ ಸೇರಿದೆ.

ಅಲ್ಲಿ ಡೈರೆಕ್ಟರಿ ಸರ್ವರ್ ಎಂಬುದೊಂದಿತ್ತು. ಡಾಕ್ಟರು, ನರ್ಸು, ಎಲ್ಲರ ಹೆಸರು, ಪಾಸ್‌ವರ್ಡ್ ಅದರಲ್ಲಿ. ಅದು ಕೈಕೊಟ್ಟರೆ ಯಾರಿಗೂ ಲಾಗಿನ್ ಇಲ್ಲ. ರೋಗಿಯ ರಕ್ತದ ಗುಂಪು ನೋಡುವುದಕ್ಕೂ ಆಗದು. ನಮ್ಮ ಕಡೆ ಮಳೆಗಾಲದ ಕರೆಂಟನ್ನು ನಂಬುವವರಾರು? ಅದಕ್ಕೇ ಮಾವ ಜೋಡಿ ಸರ್ವರ್ ಕಟ್ಟುವ ಕೆಲಸ ನನಗೆ ಒಪ್ಪಿಸಿದರು. ಒಂದು ಬಿದ್ದರೆ ಇನ್ನೊಂದು ತಾನಾಗಿ ಹೆಗಲು ಕೊಡಬೇಕು. ಎರಡನೆಯದನ್ನು ಹಳೇ ಕಟ್ಟಡದಲ್ಲಿಟ್ಟೆ. ಮೊದಲನೆಯದರಲ್ಲಿ ಬರೆದದ್ದೆಲ್ಲ ಕ್ಷಣದಲ್ಲಿ ಅಲ್ಲಿಗೂ ಹೋಗುತ್ತಿತ್ತು. "ಆಯ್ತು ಮಾವ" ಎಂದೆ, ಸ್ವಲ್ಪ ಜಂಬದಿಂದಲೇ.

"ಬೀಳಿಸಿ ನೋಡಿದ್ಯಾ?"

"ಬೀಳಿಸೋದ್ಯಾಕೆ? ಎರಡೂ ಚೆನ್ನಾಗಿ ಓಡ್ತಿವೆ."

"ಓಡೋದನ್ನ ನೋಡೋಕೆ ನೀನ್ಯಾಕೆ ಬೇಕು ಮಾರಾಯ್ತಿ?"

ಮರುದಿನ ಹನ್ನೊಂದು ಗಂಟೆಗೆ ಮೊದಲ ಸರ್ವರನ್ನು ಆರಿಸಿಯೇಬಿಟ್ಟರು. ಎರಡನೆಯದು ಹಸಿರು ದೀಪ ಮಿನುಗಿಸುತ್ತ ಆರಾಮಾಗಿ ಕೂತಿತ್ತು. ಒಬ್ಬರಿಗೂ ಲಾಗಿನ್ ಆಗಲಿಲ್ಲ. ದೊಡ್ಡ ಡಾಕ್ಟರು ಓಡಿ ಬಂದು, "ಏನ್ರೀ ಇದು, ಯಾರ ಕೆಲಸ?" ಎಂದರು. ಸೇರಿ ಮೂರು ತಿಂಗಳಾಗಿರಲಿಲ್ಲ. ನನ್ನ ಕೆಲಸ ಹೋಯಿತೆಂದೇ ತಿಳಿದೆ.

"ಆರಿಸಿದ್ದು ನಾನು ಸಾರ್. ತಪ್ಪೂ ನಂದೇ," ಎಂದು ಮಾವ ಸ್ವಿಚ್ ಹಾಕಿದರು.

ಡಾಕ್ಟರು ಹೋದ ಮೇಲೆ ಮಾವ ನನ್ನ ಕಡೆ ತಿರುಗಿದರು. "ಎಸ್ಟೇಟಲ್ಲಿ ಹಾಜರಿ ಪುಸ್ತಕದ ನಕಲು ಮೇಸ್ತ್ರಿ ಹತ್ರ ಇರ್ತಿತ್ತು. ಆದ್ರೂ ನಾನು ರಜೆ ಹಾಕಿದ ದಿನ ಆಳುಗಳು ನನ್ನ ಆಫೀಸ್ ಬಾಗ್ಲಲ್ಲೇ ಕಾಯ್ತಾ ನಿಂತಿದ್ರು. ಯಾಕೆ ಹೇಳು? ಮೇಸ್ತ್ರಿ ಹತ್ರ ಹೋಗಿ ಅಂತ ಅವರಿಗೆ ಯಾರೂ ಹೇಳಿರ್ಲಿಲ್ಲ."

ಆಗ ಹೊಳೆಯಿತು. ಆಸ್ಪತ್ರೆಯ ಒಂದು ಕಂಪ್ಯೂಟರಿಗೂ ನಾನು ಎರಡನೇ ಸರ್ವರಿನ ವಿಳಾಸವನ್ನೇ ಕೊಟ್ಟಿರಲಿಲ್ಲ.

ಆ ವಾರವೆಲ್ಲ ವಾರ್ಡಿನಿಂದ ವಾರ್ಡಿಗೆ ಅಲೆದು ಆ ವಿಳಾಸ ಕೊಟ್ಟೆ. ಆಮೇಲೆ ತಿಂಗಳಿಗೊಮ್ಮೆ ಮಾವ ಮೊದಲನೆಯದನ್ನು ಬೀಳಿಸುತ್ತಿದ್ದರು, ಎರಡನೆಯದು ಹೆಗಲು ಕೊಡುತ್ತಿತ್ತು. ಆಷಾಢದಲ್ಲಿ ಸಿಡಿಲಿಗೆ ಮೊದಲ ಸರ್ವರ್ ಸುಟ್ಟೇಹೋಯಿತು. ಮಧ್ಯಾಹ್ನ ಹೆಡ್ ನರ್ಸು ಬಂದು, "ಸರ್ವರ್ ಹೋಯ್ತಂತಲ್ಲ ಸಾರ್, ಯಾವಾಗ?" ಎಂದು ಕೇಳಿದರು. "ಬೆಳಿಗ್ಗೆಯೇ. ನೀವು ಲಾಗಿನ್ ಆಗಿ ಮಾತ್ರೆ ಬರೀತಿದ್ರಲ್ಲ, ಆವಾಗ," ಎಂದರು ಮಾವ. ಆಲ್ದೂರಿನ ಬೇಕರಿಯವನಿಗೂ ಹೇಳಿಕೊಂಡು ಬಂದರಂತೆ: "ನಮ್ಮ ಹುಡುಗಿ ಕಟ್ಟಿದ್ದು."

ಹೋದ ವರ್ಷ ಮಾವ ತೀರಿಕೊಂಡರು. ಈಗ ಬೀಳಿಸುವವಳು ನಾನೇ. ಅದಕ್ಕೂ ಮೊದಲು, ಅಕಸ್ಮಾತ್ ಲಾಗಿನ್ ಆಗದಿದ್ದರೆ ಕೈಯಲ್ಲಿ ಬರೆದುಕೊಳ್ಳಲೆಂದು ಪ್ರತಿ ಟೇಬಲ್ಲಿಗೂ ಕಾಗದದ ಚೀಟಿಗಳನ್ನು ಇಡಿಸುತ್ತೇನೆ. ಮೊನ್ನೆ ಹಾಗೆ ಇಡಿಸುವಾಗ ನೆನಪಾಯಿತು: ಆ ಮೊದಲ ದಿನವೂ ಎಲ್ಲ ಟೇಬಲ್ಲುಗಳ ಮೇಲೆ ಚೀಟಿಗಳಿದ್ದವು. ನಾನು ಇಡಿಸಿರಲಿಲ್ಲ. ಅಥವಾ ಇದು ಆಮೇಲಿನ ತಿಂಗಳುಗಳ ನೆನಪು ಆ ದಿನಕ್ಕೆ ಹೋಗಿ ಸೇರಿಕೊಂಡದ್ದೋ?

ಭಾನುವಾರ ಅತ್ತೆಯನ್ನು ಕೇಳಿದೆ. ಅವರು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದರು. ನಾನು ಕೇಳಿದ್ದು ಇಷ್ಟೇ:

"ಅತ್ತೆ, ನಾನು ತಪ್ಪು ಮಾಡಿದ್ದು ಮಾವನಿಗೆ ಹಿಂದಿನ ದಿನವೇ ಗೊತ್ತಿತ್ತಾ?"